ಮುಂಗನ್ನಡಿಗೆ ಕಾಣದ ಮಗಳು

ಬೆಳೆಯುವ ಕಿರಿಕಿರಿ ಮೊಳಕೆಯಲ್ಲಿ ಎಂದು ಗಾದೆ. ಗಾದೆ ಹಾಗಿಲ್ಲವಲ್ಲ ಎಂದು ಮೂಗು ಮುರಿಯುವವರು ಮೂರು ವರ್ಷದ ಕೂಸಿರುವ ಮನೆಯಲ್ಲಿ ಒಂದು ವಾರ ಇದ್ದು ಬಂದು ಆಮೇಲೆ ತಿದ್ದಬಹುದು. ಈಗ ಹೇಳಲಿರುವುದು ನಿಜವಾಗಿ ನಡೆದದ್ದು. ನಂಬಿಕೆ ಬಾರದವರು ಧಾರವಾಡಕ್ಕೆ ಬಂದು ನಮ್ಮ ಮನೆಯ ಬಾಗಿಲು ತಟ್ಟಲಿ; ಚಹಾ ಕೊಡುತ್ತೇನೆ. ಪುರಾವೆ ಕೇಳಿದರೆ ಇನ್ನೊಂದು ಕಪ್ ಚಹಾ ಕೊಡುತ್ತೇನೆ.

ಹಿಂದೆ ಕೂಸಿಗೆ ಮೊದಲ ಅನ್ನ ಉಣ್ಣಿಸುವ ದಿನ ಅದರ ಮುಂದೆ ಪುಸ್ತಕ, ಬಳಪ, ಬಂಗಾರ, ತಕ್ಕಡಿ ಇಟ್ಟು ಯಾವುದಕ್ಕೆ ಕೈ ಹಾಕುತ್ತದೆ ಎಂದು ನೋಡುತ್ತಿದ್ದರಂತೆ. ಪುಸ್ತಕ ಹಿಡಿದರೆ ಪಂಡಿತ, ತಕ್ಕಡಿ ಹಿಡಿದರೆ ವ್ಯಾಪಾರಿ. ಹೆಚ್ಚಿನ ಕೂಸುಗಳು ಬಳಪ ತಿಂದುಬಿಡುತ್ತಿದ್ದವು. ಅದಕ್ಕೂ ಯಾರಾದರೊಬ್ಬ ಅಜ್ಜಿ ಅರ್ಥ ಹಚ್ಚುತ್ತಿದ್ದಳು. ಈ ಮೂಢನಂಬಿಕೆಯನ್ನು ನಕ್ಕು ತಳ್ಳಿದ ವಿದ್ಯಾವಂತರೇ ಮುಂಗನ್ನಡಿ ಬಂದ ದಿನ ನಸುಕಿನಲ್ಲೆದ್ದು ಪಾಳಿ ಹಚ್ಚಿದರು. ಬಳಪಕ್ಕೆ ಕರೆಂಟು ಬೇಕಿರಲಿಲ್ಲ, ಇದಕ್ಕೆ ಬೇಕು. ಒಟ್ಟು ಪ್ರಗತಿ ಅಷ್ಟೇ.

ನೋಡಲು ಅದು ಗೋಡೆಗೆ ತೂಗುಹಾಕುವ ಸಾದಾ ಕನ್ನಡಿ. ಆದರೆ ಕೂಸು ಎದುರಿಗೆ ಕೂತರೆ ಒಳಗೆ ಕೂಸಿರುವುದಿಲ್ಲ, ಅದು ಬೆಳೆದು ಮೂವತ್ತೈದರ ಪ್ರಾಯಕ್ಕೆ ಬಂದಾಗ ಹೇಗಿರುತ್ತದೋ ಆ ಮನುಷ್ಯ ಕೂತಿರುತ್ತಾನೆ. ಕೈ ಬೀಸುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ಕನ್ನಡಿ ಹಗಲಿಡೀ ಮನೆಯೊಳಗಿನ ಮಾತು, ಅಳು, ನಡಿಗೆ, ಕೈಯಾಟವನ್ನೆಲ್ಲ ಕೇಳಿ ನೋಡಿ ಶಿಶುಭವಿಷ್ಯ ನಿಗಮಕ್ಕೆ ಕಳಿಸುತ್ತದೆ. ನಿಗಮದ ಯಂತ್ರ ಅದನ್ನು ಕಲಸಿ, ನಾದಿ, ಲಟ್ಟಿಸಿ ಮರುದಿನಕ್ಕೆ ಹೊಸ ಭವಿಷ್ಯ ಬೇಯಿಸಿ ಕೊಡುತ್ತದೆ. ಕನ್ನಡಿಯ ವರದಿ ಇಲ್ಲದೆ ಯಾವ ಶಾಲೆಯಲ್ಲೂ ಸೀಟು ಇಲ್ಲ. ಆದ್ದರಿಂದ ಬೇಡವೆಂದವರ ಮನೆಯಲ್ಲೂ ಅದು ನೇತಾಡುತ್ತದೆ. ನಮ್ಮ ಮನೆಯಲ್ಲಿ ನೇತಾಡಿದ್ದೂ ಹಾಗೆಯೇ.

ನಮ್ಮ ಮೇಲಿನ ಮನೆಯ ಇನಾಮದಾರ ದಂಪತಿಗೆ ಮಾತ್ರ ಅದು ಬೇಕೇ ಬೇಕಿತ್ತು. ಅವರ ಮಗ ಪ್ರದ್ಯುಮ್ನ, ನಾಲ್ಕು ವರ್ಷದವನು, ಕನ್ನಡಿಯಲ್ಲಿ ಹೃದಯತಜ್ಞನಾಗಿ ಕಾಣಿಸಿಕೊಂಡ. ಅಂದಿನಿಂದ ಅವನನ್ನು ಮನೆಯಲ್ಲಿ ಏಕವಚನದಲ್ಲಿ ಕರೆದವರಿಲ್ಲ.

"ಡಾಕ್ಟರ್ರ, ಚಡ್ಡಿ ಹಾಕ್ಕೊಳ್ರಿ. ಎಷ್ಟ್ ಸಲ ಹೇಳಬೇಕ್ರಿ ನಿಮಗ," ಎಂದು ಇನಾಮದಾರರ ಹೆಂಡತಿ, ಓಣಿಗೆಲ್ಲ ವೈನಿ, ಬೆಳಗ್ಗೆ ಕೂಗುವುದು ಕೆಳಗೆ ನಮಗೆ ಕೇಳುತ್ತಿತ್ತು.

ಒಮ್ಮೆ ಸಕ್ಕರೆ ಕೊಡಲು ಮೇಲೆ ಹೋಗಿದ್ದೆ. ಇನಾಮದಾರರು ಅಂಗಿ ಬಿಚ್ಚಿ ಕನ್ನಡಿಯ ಮುಂದೆ ನಿಂತು ಎದೆಯಲ್ಲಿ ಎಲ್ಲಿ ಚುಚ್ಚುತ್ತದೆ ಎಂದು ತೋರಿಸುತ್ತಿದ್ದರು. ಒಳಗಿದ್ದ ಡಾಕ್ಟರ್ ಮಗ ಗಂಭೀರವಾಗಿ ತಲೆ ಆಡಿಸುತ್ತಿದ್ದ. ಹೊರಗಿದ್ದ ಮಗ ಅಪ್ಪನ ಪಾಯಜಾಮ ಜಗ್ಗುತ್ತಿದ್ದ.

"ಅಪ್ಪಾ, ಚೆಂಡು ಆಡೂಣು ಬಾ."

"ಏ, ಸುಮ್ನಿರ್ರಿ. ನಿಮ್ಮ ಕೂಡ ಮಾತಾಡಾಕತ್ತೀನಿ," ಎಂದರು ಇನಾಮದಾರರು.

ನಾನು ಸಕ್ಕರೆ ಇಟ್ಟು ಕೆಳಗೆ ಬಂದು ಮೆಟ್ಟಿಲ ಮೇಲೆ ಕೂತು ನಕ್ಕೆ. ಮುಂದೊಂದು ದಿನ ಹುಡುಗ ಮಧ್ಯಾಹ್ನವಿಡೀ ಇರುವೆಗೂಡಿಗೆ ತಂಬಿಗೆಯಿಂದ ನೀರು ಹುಯ್ದ. ಮರುದಿನ ಬೆಳಗ್ಗೆ ಕನ್ನಡಿಯಲ್ಲಿ ಹೃದಯತಜ್ಞ ಇರಲಿಲ್ಲ. ನೀರಿನ ಟ್ಯಾಂಕರ್ ಮಾಲೀಕನೊಬ್ಬ ಕಿವಿಯಲ್ಲಿ ಕಡ್ಡಿ ಆಡಿಸುತ್ತ ಕೂತಿದ್ದ. ಮೇಲಿನ ಮನೆಯಲ್ಲಿ ಆ ದಿನ ಒಲೆ ಹೊತ್ತಲಿಲ್ಲ. ವೈನಿ ಕಣ್ಣೊರೆಸುತ್ತ ಕೆಳಗಿಳಿದಾಗ, "ಇನ್ನ ಮ್ಯಾಲೆ ಏಕವಚನಾನೋ ಬಹುವಚನಾನೋ ವೈನಿ?" ಎಂದು ಕೇಳಿದೆ. ಅವರು ಒಂದು ತಿಂಗಳು ಮಾತು ಬಿಟ್ಟರು. ಅದು ನಮ್ಮ ಮನೆಯ ಪಾಲಿಗೆ ಸುಖದ ತಿಂಗಳು.

ಇಷ್ಟೆಲ್ಲ ತಾತ್ಸಾರ ಮಾಡುವ ಈ ಮಹಾನುಭಾವ ಯಾರು ಎಂದು ನೀವು ಕೇಳಬಹುದು. ನಾನು ಹುಣಸಿಮರದ, ಬಸಲಿಂಗ. ಎಂ.ಎ. ಮಾಡಿದ್ದು ಭಾಷಾಶಾಸ್ತ್ರದಲ್ಲಿ, ಅನ್ನ ಉಣ್ಣುವುದು ಕುಕ್ಕರಿನ ಬಾಯಿಂದ. ಅಂದರೆ ಮಾತಾಡುವ ಯಂತ್ರಗಳಿಗೆ ದನಿ ಕೊಡುವುದು ನನ್ನ ಉದ್ಯೋಗ. "ಅಕ್ಕಾರ, ಮೂರು ಸೀಟಿ ಆತ್ರಿ" ಎನ್ನುವ ಕುಕ್ಕರು ನಾನು. "ಬಾಗಿಲಾ ಹಾಕ್ರೆಪಾ, ತಂಪೆಲ್ಲಾ ಹೊಂಟೈತಿ" ಎಂದು ಗೊಣಗುವ ಫ್ರಿಜ್ ನಾನು. ಲಿಫ್ಟು, ಫ್ಯಾನು, ಹಲ್ಲುಜ್ಜುವ ಬ್ರಷ್ಷು, ಎಲ್ಲದರಲ್ಲೂ ನಾನೇ. ದೇವರು ಸರ್ವಾಂತರ್ಯಾಮಿ ಎನ್ನುತ್ತಾರೆ. ಅವನ ಕಷ್ಟ ನನಗೆ ಗೊತ್ತು. ಪೇರಲಹಣ್ಣು ಮಾರುವವನಿಂದ ಹಿಡಿದು ಶಾಸಕರವರೆಗೆ ಯಾರ ದನಿಯನ್ನಾದರೂ ತೆಗೆಯಬಲ್ಲೆ, ತುಟಿ ಅಲುಗಿಸದೆ ಮೂಲೆಯ ಕೊಡದೊಳಗಿಂದ ಮಾತಾಡಿಸಬಲ್ಲೆ. ಹೆಂಡತಿ ದಾಕ್ಷಾಯಣಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನನ್ನ ಜೋಕಿಗೆ ಆಕೆ ನಗುವುದು ಲೆಕ್ಕ ತಪ್ಪಿದಾಗ ಮಾತ್ರ.

ಇಂಥ ಮನೆಯಲ್ಲಿ ನೀಲಾಂಬಿಕೆ ಹುಟ್ಟಿದಳು. ನಮಗೆ ನೀಲವ್ವ.

ಉಳಿದ ಕೂಸುಗಳು ಮೊದಲಿಗೆ ಅವ್ವ ಅನ್ನುತ್ತವೆ, ಇಲ್ಲವೆ ಅಪ್ಪ. ನೀಲವ್ವನ ಮೊದಲ ಮಾತು "ಮೂರು ಸೀಟಿ ಆತ್ರಿ." ನನ್ನದೇ ಕುಕ್ಕರ್ ದನಿ, ಏರಿಳಿತ ಕೂಡ ತಪ್ಪಿಲ್ಲ. ನಾನು ಆಕೆಯನ್ನು ಎತ್ತಿಕೊಂಡು ಓಣಿಯೆಲ್ಲ ತೋರಿಸಿ ಬಂದೆ. ಆಮೇಲೆ ಫ್ರಿಜ್ ಬಂತು, ಹಣ್ಣಿನವ ಬಂದ, ಮೇಲಿನ ಮನೆಯ ವೈನಿ ಬಂದರು. ಹಸಿವಾದರೆ ಅಳುತ್ತಿರಲಿಲ್ಲ, ತಾಯಿಯ ದನಿಯಲ್ಲಿ "ಹಸಿವಾತೇನು ನೀಲವ್ವಾ?" ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಬಿದ್ದು ಮೊಣಕಾಲು ತರಚಿದರೆ, "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ನನ್ನ ದನಿಯಲ್ಲಿ ಹೇಳಿಕೊಂಡು ಮೊಣಕಾಲು ಸವರಿಕೊಳ್ಳುತ್ತಿದ್ದಳು. ಮೂರು ತುಂಬಿತು. ಆಕೆ ಆಡಿದ ಮಾತುಗಳಲ್ಲಿ ಯಾರೂ ಆಡದ ಮಾತು ಒಂದೂ ಇರಲಿಲ್ಲ.

ಮುಂಗನ್ನಡಿಯಲ್ಲಿ ಆಕೆಯ ಜಾಗದಲ್ಲಿ ಒಂದು ಖಾಲಿ ಕುರ್ಚಿ ಕಾಣುತ್ತಿತ್ತು.

ಮೊದಲು ಯಂತ್ರ ಕೆಟ್ಟಿದೆ ಎಂದುಕೊಂಡೆವು. ಆದರೆ ಕುರ್ಚಿ ಮಾತಾಡುತ್ತಿತ್ತು. ದಾಕ್ಷಾಯಣಿ ಒಂದು ದಿನ ಧೈರ್ಯ ಮಾಡಿ, "ದೊಡ್ಡಾಕಿ ಆದ ಮ್ಯಾಲೆ ಏನ್ ಮಾಡ್ತೀ ನೀಲವ್ವಾ?" ಎಂದು ಕೇಳಿದಳು. ಖಾಲಿ ಕುರ್ಚಿಯಿಂದ ದಾಕ್ಷಾಯಣಿಯದೇ ದನಿ ಬಂತು: "ದೊಡ್ಡಾಕಿ ಆದ ಮ್ಯಾಲೆ ಏನ್ ಮಾಡ್ತೀ ನೀಲವ್ವಾ?" ಹಿಂದೆಯೇ ನನ್ನ ಫ್ರಿಜ್ಜು, ಬಾಗಿಲು ಹಾಕಿರಪ್ಪಾ ಎಂದಿತು. ದಾಕ್ಷಾಯಣಿ ಕನ್ನಡಿಗೆ ಟಾವೆಲ್ ಹೊದಿಸಿ ಅಡುಗೆಮನೆಗೆ ಹೋದಳು. ಅವತ್ತು ಕುಕ್ಕರ್ ಇಡಲಿಲ್ಲ. ಪಾತೇಲಿಯಲ್ಲಿ ಅನ್ನ ಮಾಡಿದಳು.

ಕೆಲವೇ ದಿನಗಳಲ್ಲಿ ಟಾವೆಲಿನೊಳಗಿಂದ ನಿಗಮದ ಕರೆ ಬಂತು. ಜೇನಿನಲ್ಲಿ ಅದ್ದಿ ತೆಗೆದ ಹೆಣ್ಣುದನಿ. "ಪ್ರಿಯ ಪೋಷಕರೇ, ನಿಮ್ಮ ಶಿಶುವನ್ನು ಪ್ರತಿಧ್ವನಿ ದರ್ಜೆಗೆ ಸೇರಿಸಲಾಗಿದೆ. ದಯವಿಟ್ಟು ಶಿಶುವಿನೊಂದಿಗೆ ನಿಯಂತ್ರಣ ಕೊಠಡಿಗೆ ಬನ್ನಿ. ನಗುನಗುತ್ತಾ ಬನ್ನಿ."

ನೀಲವ್ವ ಅದೇ ಜೇನುದನಿಯಲ್ಲಿ, "ನಗುನಗುತ್ತಾ ಬನ್ನಿ," ಎಂದಳು.

ನಿಗಮದ ಕಟ್ಟಡ ಊರ ಹೊರಗಿನ ಗುಡ್ಡದ ಮೇಲಿದೆ, ಕಿಟಕಿಗಳಿಲ್ಲ. ಭವಿಷ್ಯ ಕಾಣುವವರಿಗೆ ಹೊರಗೆ ಏನು ಕೆಲಸ. ನಿಯಂತ್ರಣ ಕೊಠಡಿಯ ಒಂದು ಗೋಡೆ ಪೂರ್ತಿ ಪರದೆ. ಊರಿನ ಒಂದೊಂದು ಕೂಸಿಗೂ ಅದರಲ್ಲಿ ಎರಡೆರಡು ಗೆರೆ, ಒಂದು ಹಸಿರು, ಒಂದು ಕೆಂಪು, ಎಳೆಎಳೆಯಾಗಿ ಓಡುತ್ತಿದ್ದವು. ಅದರ ಮುಂದೆ ಡಾಕ್ಟರ್ ಶಿವಯೋಗಿ ಉಳ್ಳಾಗಡ್ಡಿ ಕೂತಿದ್ದರು. ಹೆಸರಿಗೆ ತಕ್ಕ ಈರುಳ್ಳಿ, ಸುಲಿದಷ್ಟೂ ಸಿಪ್ಪೆ ಬರುವ ಮನುಷ್ಯ. ಕಣ್ಣೀರು ಮಾತ್ರ ಸುಲಿದವರದು.

"ಮೂಲಭೂತವಾಗಿ, ಹುಣಸಿಮರದವರ," ಎಂದು ಅವರು ಶುರು ಮಾಡಿದರು. ಅವರ ಎಲ್ಲ ಮಾತೂ ಮೂಲಭೂತವಾಗಿ ಶುರುವಾಗುತ್ತಿತ್ತು. "ಈ ಹಸಿರು ಗೆರಿ ಅಂದ್ರ ನಮ್ಮ ಯಂತ್ರದ ಊಹೆ. ಕೂಸು ಮುಂದಿನ ಕ್ಷಣ ಏನ್ ಆಡ್ತದ, ಏನ್ ಮಾಡ್ತದ ಅಂತ ಮೊದಲ ಹೇಳಿಬಿಡ್ತದ. ಕೆಂಪು ಗೆರಿ ಕೂಸು ಖರೇನ ಮಾಡಿದ್ದು. ಯಾವ ಕೂಸಿಂದಾದ್ರೂ ನೋಡ್ರಿ, ಆಗಾಗ ಕೆಂಪು ಹಸಿರಿನ ಬಿಟ್ಟು ಚಂಗನ ಹಾರ್ತದ. ಆ ಹಾರಿದ ಜಾಗಾನ ಕೂಸಿನ ತನ್ನತನ. ಅದರಿಂದ ನಾವು ಅದರ ಭವಿಷ್ಯದ ಮೂರ್ತಿ ಕಟ್ತೀವಿ."

"ನಮ್ಮಾಕಿದು?" ಎಂದಳು ದಾಕ್ಷಾಯಣಿ.

ಅವರು ನೀಲವ್ವನ ಗೆರೆಗಳನ್ನು ದೊಡ್ಡದು ಮಾಡಿ ತೋರಿಸಿದರು. ಒಂದೇ ಗೆರೆ ಇದ್ದಂತಿತ್ತು. ಕೆಂಪು ಹಸಿರಿನ ಮೇಲೆ ಹೊದ್ದುಕೊಂಡು ಮಲಗಿತ್ತು, ಎಲ್ಲೂ ಕಾಲು ಹೊರಗೆ ಚಾಚಿರಲಿಲ್ಲ.

"ಮೂಲಭೂತವಾಗಿ," ಎಂದಳು ನೀಲವ್ವ, ಡಾಕ್ಟರರ ದನಿಯಲ್ಲಿ, ಅವರಂತೆಯೇ ಕನ್ನಡಕ ಮೇಲೆ ತಳ್ಳುವ ಬೆರಳಿನೊಂದಿಗೆ.

ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರರು ನಗಲಿಲ್ಲ. "ನೋಡಿದ್ರಿಲ್ಲೋ. ಇದನ್ನೂ ಯಂತ್ರ ಮೊದಲ ಹೇಳಿತ್ತು." ಹಸಿರು ಗೆರೆಯ ಕೆಳಗೆ, ಆಕೆ ಬಾಯಿ ತೆರೆಯುವ ಮುಂಚೆಯೇ, ಆ ಪದ ಮೂಡಿದ್ದನ್ನು ಅವರು ತೋರಿಸಿದರು. 

ಪರಿಹಾರ ಅವರ ಬಳಿ ಸಿದ್ಧವಿತ್ತು. ಸ್ವಂತಿಕೆ ಶಿಬಿರ. ಕೂಸನ್ನು ತಂದೆತಾಯಿಯಿಂದ ಬೇರೆ ಮಾಡಿ ಎರಡು ವರ್ಷ ನಿಗಮದ ವಸತಿಯಲ್ಲಿ ಇಟ್ಟು ಸ್ವಂತಿಕೆ ಕಲಿಸುತ್ತಾರೆ. ಹೊರಗಿನ ದನಿ ಕೂಸಿನ ಕಿವಿಗೆ ಬೀಳಬಾರದು. ತಂದೆತಾಯಿ ಗಾಜಿನಾಚೆಯಿಂದ ನೋಡಬಹುದು, ಹಬ್ಬದ ದಿನ ಮಾತ್ರ. ಶಿಬಿರದ ಒಂದು ತುಣುಕನ್ನು ಪರದೆಯ ಮೇಲೆ ಹಾಕಿದರು. ನೀಲಿ ಸಮವಸ್ತ್ರದ ಐವತ್ತರವತ್ತು ಮಕ್ಕಳು ಸಾಲಾಗಿ ನಿಂತು, ಒಂದೇ ಸಲಕ್ಕೆ ಕೈ ಎತ್ತಿ, ಒಂದೇ ರಾಗದಲ್ಲಿ "ನಾನು ನಾನೇ, ನನ್ನಂತೆ ನಾನೇ" ಎಂದು ಹೇಳುತ್ತಿದ್ದರು.

"ಸ್ವಂತಿಕಿ ಸಂತಿ ಚಲೋ ನಡದೈತ್ರಿ," ಎಂದೆ.

ದಾಕ್ಷಾಯಣಿ ನನ್ನ ಕಾಲು ತುಳಿದಳು. "ಮರುಪರೀಕ್ಷೆ ಇರ್ತದಂತ ಕೇಳೀನ್ರಿ ಸರ್."

"ಇರ್ತದ. ನಮ್ಮ ಮುಂದ, ಇದೇ ಕೋಣ್ಯಾಗ, ಒಮ್ಮೆ ಕೆಂಪು ಗೆರಿ ಹಸಿರು ಗೆರಿ ಬಿಟ್ಟು ಹೊರಗ ಹೋದ್ರ ಸಾಕು, ನಿಮ್ಮ ಕೂಸು ನಿಮ್ಮನ್ಯಾಗ. ಮಾತಾದ್ರೂ ಸೈ, ಆಟಾದ್ರೂ ಸೈ. ನಿಯಮ ಅಂದ್ರ ನಿಯಮ. ಮುಂದಿನ ಸೋಮವಾರ ಬರ್ರಿ." ಆಮೇಲೆ ನೀಲವ್ವನ ತಲೆ ಸವರಿ ಸೇರಿಸಿದರು: "ಬರೂಮುಂದ ಆಕೀ ಬಟ್ಟೆ ತಗೊಂಡ ಬರ್ರಿ. ಹೆಂಗೂ ಬೇಕಾಗ್ತಾವ."

ಮನೆಗೆ ಬಂದು ಚಪ್ಪಲಿ ಬಿಡುತ್ತ ನಾನು ಡಾಕ್ಟರರ ಥರ ಕನ್ನಡಕ ತಳ್ಳಿ, "ಮೂಲಭೂತವಾಗಿ ಈ ಉಳ್ಳಾಗಡ್ಡಿ ಕೊಳೆತೈತಿ," ಎಂದೆ.

ದಾಕ್ಷಾಯಣಿ ಕೈಯಲ್ಲಿದ್ದ ಚೀಲ ನೆಲಕ್ಕಿಟ್ಟಳು. "ರೀ, ನೀವು ನಗಸ್ತೀರಿ, ಓಣಿ ಎಲ್ಲಾ ನಗ್ತೈತಿ. ಸೋಮವಾರ ಆಕಿನ್ನ ಒಯ್ದ್ರ ಯಾರ ದನ್ಯಾಗ ಅಳ್ತೀರಿ?"

ಹೊರಕೋಣೆಗೆ ಬಂದೆ. ನೀಲವ್ವ ನೆಲದ ಮೇಲೆ ಬೋರಲು ಮಲಗಿ ಬಟ್ಟಲಿನ ಮಂಡಕ್ಕಿಯನ್ನು ಒಂದೊಂದಾಗಿ ಫರಸಿಕಲ್ಲಿನ ಗೆರೆಯ ಮೇಲೆ ಜೋಡಿಸುತ್ತಿದ್ದಳು. ನಾನೂ ಎದುರಿಗೆ ಬೋರಲು ಮಲಗಿದೆ. ಎಷ್ಟು ಬೇಗ ಬೆಳೆದುಬಿಟ್ಟಳು ಎಂದು ಜನ ಮಕ್ಕಳ ಬಗ್ಗೆ ಹೇಳುತ್ತಾರೆ, ಬಟ್ಟೆ ಬಿಗಿಯಾದದ್ದನ್ನು ನೋಡಿ. ಬಟ್ಟೆಯ ಲೆಕ್ಕದಲ್ಲಿ ಸೋರೆಕಾಯಿಯೂ ಬೆಳೆಯುತ್ತದೆ. ಹಲ್ಲು ಬಂದದ್ದು, ಹೆಜ್ಜೆ ಇಟ್ಟದ್ದು, ಕೂದಲು ಕಿವಿ ಮುಚ್ಚಿದ್ದು, ಎಲ್ಲ ನನಗೆ ನೆನಪಿದೆ. ಒಳಗೆ ಒಬ್ಬಳು ಬಂದು ಕೂತದ್ದು ಯಾವಾಗ? ಕೂತಿದ್ದಾಳೆಯೇ? ಊರನ್ನೆಲ್ಲ ಹಳಿದ ಈ ಬಾಯಿಗೆ ಆ ಒಂದು ಅನುಮಾನವನ್ನು ಹೆಂಡತಿಯ ಮುಂದೆ ಹೇಳಲಾಗಿರಲಿಲ್ಲ. ಆಕೆಯ ಕಣ್ಣಿನ ಹತ್ತಿರಕ್ಕೆ ಕಣ್ಣು ಒಯ್ದು ಮೆಲ್ಲಗೆ ಕೇಳಿದೆ.

"ಒಳಗ ಯಾರದಾರ?"

ಆಕೆ ನನ್ನನ್ನೇ ನೋಡುತ್ತ, ನನ್ನದೇ ದನಿಯಲ್ಲಿ, ಅಷ್ಟೇ ಮೆಲ್ಲಗೆ, "ಒಳಗ ಯಾರದಾರ?" ಎಂದಳು.

ಎದ್ದು ಕೂತೆ. ಮಂಡಕ್ಕಿ ಎದೆಗೆ ಅಂಟಿಕೊಂಡಿತ್ತು. ಆ ಕ್ಷಣಕ್ಕೆ ಡಾಕ್ಟರ್ ಉಳ್ಳಾಗಡ್ಡಿಯ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ, ಅವರ ಯಂತ್ರಕ್ಕೆ ಟೋಪಿ ಹಾಕಲೇಬೇಕು ಎಂದು ತೀರ್ಮಾನಿಸಿದೆ. ಉಪಾಯ ಸರಳವಿತ್ತು. ನೀಲವ್ವನ ದನಿ ಆಕೆಗಿಂತ ಚೆನ್ನಾಗಿ ನನಗೆ ಬರುತ್ತದೆ. ಒಮ್ಮೆ ಬಚ್ಚಲುಮನೆಯಿಂದ ಆಕೆಯ ದನಿಯಲ್ಲಿ ಕೂಗಿದ್ದಕ್ಕೆ ಮುಂಗನ್ನಡಿ, "ಶುಭೋದಯ ನೀಲಾಂಬಿಕಾ," ಎಂದಿತ್ತು. ಅಷ್ಟು ಅದರ ಜಾಣತನ. ಪರೀಕ್ಷೆಯಲ್ಲಿ ಆಕೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ತುಟಿ ಅಲುಗಿಸದೆ, ಯಾರೂ ಎಂದೂ ಆಡಿರದ ಒಂದು ಮಾತನ್ನು ಆಕೆಯ ದನಿಯಲ್ಲಿ ಆಡಿಬಿಡುವುದು. ಗೆರೆ ಚಂಗನೆ ಹಾರುತ್ತದೆ. ಕೂಸು ನಮ್ಮ ಮನೆಯಲ್ಲಿ.

"ಇದು ಮೋಸ ಅಲ್ಲೇನ್ರಿ?" ಎಂದಳು ದಾಕ್ಷಾಯಣಿ, ಕನ್ನಡಿಗೆ ಕೇಳದಂತೆ ಹಿತ್ತಿಲಿಗೆ ಕರೆದೊಯ್ದು ಹೇಳಿದಾಗ.

"ಅವ್ರ ಕನ್ನಡಿ ಹೇಳೂದು ಖರೇ ಏನು? ಸುಳ್ಳಿಗೆ ಸುಳ್ಳು ಕೂಡಿಸಿದ್ರ ಎಷ್ಟಾಕ್ಕೈತಿ, ನೀನ ಟೀಚರ್ ಹೇಳು."

"ಎರಡು ಸುಳ್ಳು ಆಕ್ಕೈತಿ," ಎಂದಳು. ಆದರೆ ಬೇಡ ಎನ್ನಲಿಲ್ಲ.

ಭಾನುವಾರ ಮಧ್ಯಾಹ್ನ ಮುಂಗನ್ನಡಿಯನ್ನು ಗೋಡೆಗೆ ಮುಖ ಮಾಡಿ, ಮೇಲೆ ಕೌದಿ ಹೊದಿಸಿ, ಕೌದಿಯ ಮೇಲೆ ಎರಡು ತಲೆದಿಂಬು ಒತ್ತಿ ತಾಲೀಮು ನಡೆಸಿದೆವು. ದಾಕ್ಷಾಯಣಿ ಡಾಕ್ಟರ್ ಆದಳು. ನೀಲವ್ವ ನನ್ನ ತೊಡೆಯ ಮೇಲೆ. ಮಾತು ಯಾವುದಾಗಬೇಕು ಎಂದು ನಾನು ಬಹಳ ಯೋಚಿಸಿದ್ದೆ. ಮಗು ಆಡುವಂತಿರಬೇಕು, ಆದರೆ ಜಗತ್ತಿನಲ್ಲಿ ಹೊಸದಾಗಿರಬೇಕು.

"ಚಂದಪ್ಪಗ ನೆಗಡಿ ಆಗೇತಿ, ಮೋಡದಾಗ ಮೂಗು ಒರಸ್ಕೊಳ್ಳಾಕತ್ತಾನ."

ನನ್ನ ತುಟಿ ಮುಚ್ಚಿಯೇ ಇತ್ತು. ದನಿ ನೀಲವ್ವನದು, ನೀಲವ್ವನ ಬಾಯಿಯ ಎತ್ತರದಿಂದಲೇ ಬಂದದ್ದು. ದಾಕ್ಷಾಯಣಿ ಬಗ್ಗಿ ನೋಡಿ, ಮತ್ತೊಮ್ಮೆ ಅನ್ನಿಸಿ, "ಗುರ್ತ ಹತ್ತಂಗಿಲ್ಲ," ಎಂದು ಒಪ್ಪಿದಳು. ಅಂಥ ಅಪರೂಪದ ಪ್ರಶಸ್ತಿಗೆ ನಾನು ಕೆಳಗೆ ಕೂತಲ್ಲಿಂದಲೇ ಎರಡೂ ಕೈ ಎತ್ತಿ ಇಲ್ಲದ ಜನಕ್ಕೆ ನಮಸ್ಕರಿಸಿದೆ. ನೀಲವ್ವ ತಾನೂ ಎರಡು ಕೈ ಎತ್ತಿದಳು.

ಸೋಮವಾರ ಹೋದೆವು. ದಾಕ್ಷಾಯಣಿ ಬಟ್ಟೆಯ ಗಂಟು ತೆಗೆದುಕೊಳ್ಳಲಿಲ್ಲ. ಡಾಕ್ಟರ್ ಉಳ್ಳಾಗಡ್ಡಿ ಅವಳ ಖಾಲಿ ಕೈ ನೋಡಿ, "ಇರ್ಲಿ, ಶಿಬಿರದಾಗ ಕೊಡ್ತಾರ," ಎಂದರು. ಅವರ ಹಿಂದೆ ಬಿಳಿ ಕೋಟಿನ ಸಹಾಯಕಿಯೊಬ್ಬಳು ಯಂತ್ರದ ಮುಂದೆ ಕೂತಿದ್ದಳು. ಪರದೆಯ ಮೇಲೆ ನೀಲವ್ವನ ಗೆರೆಗಳು ಮಾತ್ರ. ಆ ಒಂದೇ ಗೆರೆ ನೆಟ್ಟಗೆ ಓಡುತ್ತಿತ್ತು.

"ನೀಲಾಂಬಿಕಾ," ಎಂದರು ಡಾಕ್ಟರರು, ಮಕ್ಕಳೊಂದಿಗೆ ಮಾತಾಡಲೆಂದೇ ಇಟ್ಟುಕೊಂಡಿದ್ದ ಕೀಚಲು ದನಿಯಲ್ಲಿ. "ಇವತ್ತ ಆಕಾಶದಾಗ ಏನ್ ನೋಡ್ದಿ?"

ನನ್ನ ಅದೃಷ್ಟ ಎಂದುಕೊಂಡೆ. ಚಂದಪ್ಪನಿಗೆ ಹಾದಿ ಮಾಡಿಕೊಟ್ಟಂಥ ಪ್ರಶ್ನೆ. ತುಟಿ ಬಿಗಿದೆ. ಹೊಟ್ಟೆಯಿಂದ ಉಸಿರು ಎತ್ತಿದೆ.

"ಚಂದಪ್ಪಗ ನೆಗಡಿ ಆಗೇತಿ, ಮೋಡದಾಗ ಮೂಗು ಒರಸ್ಕೊಳ್ಳಾಕತ್ತಾನ."

ಡಾಕ್ಟರರ ಹುಬ್ಬು ಮೇಲೇರಿತು. ಕೂಸನ್ನು ನೋಡಿದರು, ನನ್ನನ್ನು ನೋಡಲಿಲ್ಲ. ನಾನು ವಿನಯದಿಂದ ನೆಲ ನೋಡಿದೆ. ಆಮೇಲೆ ಅವರು ಪರದೆಯತ್ತ ತಿರುಗಿದರು. ನಾನೂ ತಿರುಗಿದೆ.

ಗೆರೆ ಒಂದೇ ಇತ್ತು. ಎಲ್ಲೂ ಹಾರಿರಲಿಲ್ಲ. ಹಸಿರಿನ ಕೆಳಗೆ, ನಾನು ಉಸಿರೆತ್ತುವ ಮೊದಲೇ, ಚಂದಪ್ಪ, ನೆಗಡಿ, ಮೋಡ, ಮೂಗು, ಎಲ್ಲ ಕ್ರಮವಾಗಿ ಮೂಡಿ ಕೂತಿತ್ತು.

ಜೇನುದನಿ ವಿವರಿಸಿತು: "ಊಹೆ ಸರಿಯಾಗಿದೆ. ಈ ಮನೆಯಲ್ಲಿ ಇದೇ ಜಾತಿಯ ಹಾಸ್ಯ ಹಿಂದೆ ಹಲವು ಬಾರಿ ಕೇಳಿಬಂದಿದೆ. ಸೂರ್ಯನಿಗೆ ಜ್ವರ. ಗುಡುಗಿಗೆ ಅಜೀರ್ಣ. ಮಳೆಗೆ ಮೂತ್ರಬಾಧೆ."

ಮೂರೂ ನನ್ನವು. ಭಾಷಾಶಾಸ್ತ್ರದ ಎಂ.ಎ., ನೂರು ದನಿಗಳ ಸರದಾರ, ಜೀವನದಲ್ಲಿ ಒಮ್ಮೆ ಹೊಸ ಮಾತು ಆಡಲು ಹೊರಟು, ಯಂತ್ರದ ಜೇಬಿನಲ್ಲಿ ಆಗಲೇ ಇದ್ದ ಮಾತನ್ನು ತೆಗೆದು ಕೊಟ್ಟಿದ್ದೆ. ಇರುವೆಗೂಡಿಗೆ ನೀರು ಹುಯ್ದ ಪ್ರದ್ಯುಮ್ನ ನನಗಿಂತ ಎಷ್ಟೋ ವಾಸಿ. ಅವನು ಕನ್ನಡಿಯನ್ನು ಒಮ್ಮೆಯಾದರೂ ಗಾಬರಿಗೊಳಿಸಿದ್ದ.

"ಪಾಪ," ಎಂದರು ಡಾಕ್ಟರರು. "ಇನ್ನೊಂದು ಪ್ರಶ್ನೆ ಕೇಳ್ತೀನಿ. ಅದಾದ ಮ್ಯಾಲೆ ಮುಗೀತು. ನೀಲಾಂಬಿಕಾ, ನಿನಗ ಏನ್ ಬೇಕು?"

ದಾಕ್ಷಾಯಣಿಯ ಕೈ ನನ್ನ ತೋಳಿನ ಮೇಲೆ ಬಂದು ಬಿಗಿಯಾಯಿತು. ನನ್ನ ತಲೆಯಲ್ಲಿ ಒಂದು ಮಾತೂ ಇರಲಿಲ್ಲ. ಆದರೂ ಏನಾದರೂ ಬಂದೀತೆಂದು ಉಸಿರೆತ್ತಿ, ಗಂಟಲಲ್ಲಿ ಒಂದು ಸಣ್ಣ "ಅ" ತೆಗೆದೆ.

ನೀಲವ್ವ ತೊಡೆಯ ಮೇಲೆ ಹೊರಳಿ ನನ್ನ ಮುಖ ನೋಡಿದಳು. ನನ್ನ ಮುಚ್ಚಿದ ತುಟಿ ನೋಡಿದಳು. ಕೈ ಎತ್ತಿ, ನನ್ನ ಗಂಟಲ ಮಣಿಯ ಮೇಲೆ ಒಂದು ಬೆರಳಿಟ್ಟು ಅದು ಏರಿಳಿಯುವುದನ್ನು ನೋಡಿದಳು. ಆಮೇಲೆ ಡಾಕ್ಟರರ ಕಡೆ ತಿರುಗಿ ಕೂತು ಬಾಯಿ ಅಗಲವಾಗಿ ತೆರೆದಳು. ಶಬ್ದವಿಲ್ಲ.

ತೆರೆದ ಬಾಯಿ, ಶಬ್ದವಿಲ್ಲದೆ, ಡಾಕ್ಟರರ ಎದುರಿಗೆ. ಮೊದಲು ಬಂದ "ಅ" ಆಕೆಯದಲ್ಲವೆಂದು ಈಗ ತಿಳಿದುಬಿಡುತ್ತದೆ. ನಾನು ಗಾಬರಿಯಿಂದ ಆಕೆಯ ದನಿಯಲ್ಲಿ "ಆ" ಎಂದೆ.

ಆಕೆ ಬಾಯಿ ಮುಚ್ಚಿದಳು. ನಾನೂ ನಿಲ್ಲಿಸಿದೆ.

ಮತ್ತೆ ತೆರೆದಳು. "ಆ."

ಮುಚ್ಚಿದಳು. ತೆರೆದಳು, ಮುಚ್ಚಿದಳು, ತೆರೆದಳು, ಬೇಗ ಬೇಗ. "ಬ ಬ ಬ ಬ," ಎಂದೆ ನಾನು, ಬೆವರುತ್ತ. ಗಲ್ಲ ಉಬ್ಬಿಸಿದಳು, "ಪ್ಫೂ" ಕೊಟ್ಟೆ. ನಾಲಿಗೆ ಹೊರಗೆ ಹಾಕಿ ಎಡಕ್ಕೆ ಬಲಕ್ಕೆ ಆಡಿಸಿದಳು. ಅದಕ್ಕೆ ಯಾವ ಶಬ್ದ ಎಂದು ಯಾವ ವ್ಯಾಕರಣದಲ್ಲೂ ಇಲ್ಲ. "ಲುಲುಲುಲು" ಎಂದು ಏನೋ ಒಂದು ಹೊಂದಿಸಿದೆ. ಆಕೆಯ ಬೆನ್ನು ನನ್ನ ಎದೆಗೆ ತಾಗಿತ್ತು, ಅದು ಸಣ್ಣಗೆ ಅದುರುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ.

ಸಹಾಯಕಿ, "ಸರ್," ಎಂದಳು. ಡಾಕ್ಟರರು ಕೈಸನ್ನೆಯಿಂದ ಸುಮ್ಮನಿರಿಸಿ, ಕುರ್ಚಿ ಮುಂದಕ್ಕೆಳೆದು ಕೂಸಿನ ಬಾಯಿಯ ಹತ್ತಿರಕ್ಕೆ ಕಿವಿ ತಂದರು.

ಆಗ ಆಕೆ ಬಾಯಿ ತೆರೆದು ಹಾಗೆಯೇ ಇಟ್ಟಳು. ನಾನು "ಆ" ಎಂದು ಹಿಡಿದೆ. ಆಕೆ ಮುಚ್ಚಲಿಲ್ಲ. ನಾನು ಬಿಡುವ ಹಾಗಿಲ್ಲ. ಉಸಿರು ಮುಗಿಯಿತು, ಹೊಟ್ಟೆ ಬೆನ್ನಿಗೆ ಹತ್ತಿತು, ಕಿವಿಯಲ್ಲಿ ಸೀಟಿ ಕೂಗಿತು. ಆಕೆಯ ಬಾಯಿ ಹಬ್ಬದ ಮನೆಯ ಹೆಬ್ಬಾಗಿಲಿನಂತೆ ತೆರೆದೇ ಇತ್ತು. ಮೂಗಿನಿಂದ ಕದ್ದು ಉಸಿರೆಳೆದು ಮತ್ತೆ ಹಿಡಿದೆ. ಡಾಕ್ಟರರ ಕಿವಿ ಆಕೆಯ ಹಲ್ಲಿನಿಂದ ಗೇಣು ದೂರದಲ್ಲಿತ್ತು. ಆ ಕ್ಷಣದಲ್ಲಿ, ಸರಿಯಾಗಿ ಆ ಕ್ಷಣದಲ್ಲಿ, ನೀಲವ್ವ ಎರಡೂ ಅಂಗೈಯಿಂದ ತನ್ನ ಬಾಯಿಯನ್ನು ಗಬಕ್ಕನೆ ಮುಚ್ಚಿಕೊಂಡಳು.

"ಆ" ಮಾತ್ರ ಕೋಣೆಯಲ್ಲಿ ಉಳಿಯಿತು. ಪೂರ್ತಿ ಮೂರು ವರ್ಷದ ಹೆಣ್ಣುಕೂಸಿನ "ಆ", ಮೀಸೆಯ ಕೆಳಗಿನಿಂದ.

ಡಾಕ್ಟರರು ಮೆಲ್ಲಗೆ ತಲೆ ಎತ್ತಿ ನನ್ನನ್ನು ನೋಡಿದರು. ನೀಲವ್ವನೂ ಹೊರಳಿ ನನ್ನನ್ನು ನೋಡಿದಳು. ಅಂಗೈಗಳ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ನೀರು ತುಂಬಿ ಹೊಳೆಯುತ್ತಿದ್ದವು. ಅಳುವಾಗ ಕಣ್ಣು ಹಾಗೆ ಹೊಳೆಯುವುದಿಲ್ಲ.

"ಸರ್," ಎಂದಳು ಸಹಾಯಕಿ ಮತ್ತೆ. "ಗೆರಿ ನೋಡ್ರಿ."

ಹಸಿರು ಗೆರೆ ಸಾಧುವಿನಂತೆ ನೆಟ್ಟಗೆ ಹೋಗುತ್ತಿತ್ತು. ಕೆಂಪು ಅದನ್ನು ಬಿಟ್ಟು, ಪರದೆಯ ಮೇಲಂಚಿಗೆ ಬಡಿದು, ಕೆಳಗಿಳಿದು, ಮತ್ತೆ ಬಡಿದು, ಕೊನೆಗೆ ಚೌಕಟ್ಟಿನ ಹೊರಗೆಲ್ಲೋ ಹೋಗಿಬಿಟ್ಟಿತ್ತು. ಜೇನುದನಿ ಮೊದಲ ಸಲ ತಡವರಿಸಿತು. "ಊಹೆ ತಪ್ಪಿದೆ. ಶಿಶು ದನಿ ತೆಗೆಯುತ್ತದೆ ಎಂದು ಊಹಿಸಲಾಗಿತ್ತು. ಶಿಶು ಪೋಷಕರಿಂದ ದನಿ ತೆಗೆಸಿದೆ. ಮುಂದಿನ ಊಹೆ ಲಭ್ಯವಿಲ್ಲ."

"ಇದು ಮೋಸ," ಎಂದರು ಡಾಕ್ಟರ್ ಉಳ್ಳಾಗಡ್ಡಿ ಎದ್ದು ನಿಂತು. ಮೂಲಭೂತವಾಗಿ ಎನ್ನುವುದನ್ನೂ ಮರೆತಿದ್ದರು. "ಹುಣಸಿಮರದವರ, ನೀವು ಯಂತ್ರಕ್ಕ ಮೋಸ ಮಾಡೀರಿ. ಈ ಪರೀಕ್ಷೆ ಲೆಕ್ಕಕ್ಕ ಹಿಡಿಯೂದಿಲ್ಲ."

"ಮೋಸ ಮಾಡಿದವ್ರು ಅವ್ರು ಸರ್," ಎಂದಳು ದಾಕ್ಷಾಯಣಿ, ತರಗತಿಯಲ್ಲಿ ಲೆಕ್ಕ ಬಿಡಿಸುವ ಸಮಾಧಾನದಲ್ಲಿ. "ಅವ್ರ ಮಾತಿಗೆ ಗೆರಿ ಹಾರ್ಲಿಲ್ಲ. ನೀವ ತೋರ್ಸಿದ್ರಿ. ಗೆರಿ ಬಿಟ್ಟು ಹಾರಿದಾಕಿ ಆಕಿ. ಆಟಾದ್ರೂ ಸೈ ಅಂದಿದ್ರಿ. ನಿಯಮ ಅಂದ್ರ ನಿಯಮ."

ಡಾಕ್ಟರರು ಪರದೆ ನೋಡಿದರು, ನಿಯಮ ನುಂಗಿದರು. "ಕರ್ಕೊಂಡ ಹೋಗ್ರಿ," ಎಂದರು. "ಆದ್ರ ಒಂದ್ ಮಾತ್ರ ಗೊತ್ತಿರ್ಲಿ. ಈ ಕೂಸು ಮುಂದ ಏನಾಗ್ತದಂತ ನಾವು ಹೇಳಂಗಿಲ್ಲ."

ಎಂಥ ಆಶೀರ್ವಾದ ಎಂದು ಅವರಿಗೇ ಗೊತ್ತಿರಲಿಲ್ಲ.

ಮೊದಲು ನಕ್ಕವಳು ಸಹಾಯಕಿ, ಯಂತ್ರದ ಹಿಂದೆ ಮುಖ ಮರೆಸಿಕೊಂಡು. ಆಮೇಲೆ ದಾಕ್ಷಾಯಣಿ, ಸೆರಗು ಬಾಯಿಗೆ ಒತ್ತಿ, ಕಣ್ಣೀರು ಸುರಿಸುತ್ತ. ನೀಲವ್ವ ಅಂಗೈ ತೆಗೆದು ನಕ್ಕಳು. ಆ ನಗೆಯನ್ನು ನಾನು ಎಂದೂ ಕೇಳಿರಲಿಲ್ಲ. ದಾಕ್ಷಾಯಣಿಯದಲ್ಲ, ವೈನಿಯದಲ್ಲ, ನನ್ನ ಯಾವ ಯಂತ್ರದ್ದೂ ಅಲ್ಲ. ಮೂಗಿನಿಂದ ಗೊರಕೆಯಂತೆ ಶುರುವಾಗಿ ನಡುವೆ ಬಿಕ್ಕಿ ಮುಂದುವರಿಯುವ, ಯಾರಿಗೂ ಬೇಡವಾದ ಕೆಟ್ಟ ನಗೆ. ನನಗೆ ಅದನ್ನು ತೆಗೆಯಲು ಇವತ್ತಿಗೂ ಬರುವುದಿಲ್ಲ.

ನೂರು ಜನರನ್ನು ನನ್ನ ಬಾಯಿಯಲ್ಲಿ ಕುಣಿಸಿದವನು, ಮೂರು ವರ್ಷದವಳ ಬಾಯಿಯಲ್ಲಿ ಕುಣಿದು, ಉಬ್ಬಸ ಬಂದು, ಊರಿನ ತಜ್ಞರ ಮುಂದೆ ಸಿಕ್ಕಿಬಿದ್ದಿದ್ದೆ. ನಗೆ ಹೊಟ್ಟೆಯಲ್ಲೆಲ್ಲೋ ಎದ್ದು ಬಂತು. ಮಗಳು ತೊಡೆಯಿಂದ ಇಳಿಯುವಷ್ಟು ನಕ್ಕೆ, ಕುರ್ಚಿ ಹಿಂದಕ್ಕೆ ಸರಿಯುವಷ್ಟು ನಕ್ಕೆ, ಜಾರಿ ನಿಗಮದ ನುಣುಪಾದ ನೆಲದ ಮೇಲೆ ಕಾಲು ಚಾಚಿ ಕೂತೂ ನಕ್ಕೆ. ನೀಲವ್ವ ಹತ್ತಿರ ಬಂದು, ನನ್ನ ಎರಡೂ ಗಲ್ಲ ಹಿಡಿದು, ಇನ್ನೇನಾದರೂ ಉಳಿದಿದೆಯೇ ಎಂದು ತೆರೆದ ಬಾಯಿಯೊಳಗೆ ಬಗ್ಗಿ ನೋಡಿದಳು. ಆಗ ನಾನು ನಕ್ಕದ್ದು ಕಿಟಕಿಯಿಲ್ಲದ ಆ ಕಟ್ಟಡದ ಹೊರಗೂ ಕೇಳಿಸಿತಂತೆ.